ಅವ್ವನ ಮರೆವಿಗೆ ಯಾವ ಭಾಷೆಯ ಪರೀಕ್ಷೆ?

ಮಗ ಹುಮನಾಬಾದ್ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸ್ಕ್ಯಾನ್ ಸರಿಯಿದೆ ಎಂದು ಮನೆಗೆ ಕಳಿಸಿದರು. ಈಗ ಅಂಗಡಿಯ ಲೆಕ್ಕ ತಪ್ಪುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ. ಇನ್ನೊಂದು ಮನೆಯಲ್ಲಿ ಅವ್ವ ಬ್ಯಾಳಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಇಂಥ ಮನೆಯವರು ವೈದ್ಯರನ್ನು ಕೇಳಬೇಕಾದ ಪರೀಕ್ಷೆಯೊಂದಿದೆ. ಅದರ ಹೆಸರು ನ್ಯೂರೋಸೈಕಾಲಜಿ ಪರೀಕ್ಷೆ.

ಸ್ಕ್ಯಾನ್ ಮಿದುಳಿನ ಚಿತ್ರ ತೋರಿಸುತ್ತದೆ. ಆ ಮಿದುಳು ನೆನಪು, ಗಮನ, ಮಾತು, ಯೋಜನೆಯಂಥ ಕೆಲಸವನ್ನು ಹೇಗೆ ಮಾಡುತ್ತಿದೆ ಎಂಬುದನ್ನು ಈ ಪರೀಕ್ಷೆ ಅಳೆಯುತ್ತದೆ. ಸೂಜಿ ಇಲ್ಲ, ಕರೆಂಟೂ ಇಲ್ಲ. ‘ಹುಚ್ಚು’ ಎಂದು ಮುದ್ರೆ ಒತ್ತುವುದಕ್ಕೂ ಅಲ್ಲ. ಎದುರು ಕುಳಿತ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನೋವಿಜ್ಞಾನಿ, 15 ಪದ ಓದಿ ಹೇಳುತ್ತಾರೆ. ನೆನಪಿರುವಷ್ಟನ್ನು ತಿರುಗಿ ಹೇಳಬೇಕು. ಇದು ಐದು ಸಲ ನಡೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ? ಈ ಚಿತ್ರ ನೋಡಿ ಬರೆಯಲಾಗುತ್ತದೆಯೇ? ಹೀಗೆ ಕೆಲವು ಗಂಟೆ ಹಿಡಿಯುತ್ತದೆ. ದಣಿದರೆ ಇನ್ನೊಂದು ದಿನಕ್ಕೆ ಮುಂದುವರಿಸಲು ಕೇಳಿಕೊಳ್ಳಬಹುದು.

“ನಮ್ಮವ್ವ ಸಾಲಿ ಕಲಿತಿಲ್ಲ, ಫೇಲ್ ಆಗುತ್ತಾಳಲ್ಲ?” ಈ ಸಂಶಯ ಸರಿಯಾದದ್ದೇ. ವಿದೇಶದಲ್ಲಿ, ಓದುಬರಹ ಬಲ್ಲವರಿಗಾಗಿ ಮಾಡಿದ ಅಳತೆಗೋಲಿನಲ್ಲಿ ಅಳೆದರೆ ಆರೋಗ್ಯವಂತ ಅವ್ವನೂ ರೋಗಿಯಾಗಿ ಕಾಣುತ್ತಾಳೆ. ಅದಕ್ಕೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ 2004ರಲ್ಲಿ ನಮ್ಮ ಜನರಿಗೇ ಒಂದು ಪರೀಕ್ಷಾ ಸಂಪುಟ ಹೊರತಂದರು. ಅದರಲ್ಲಿ ವಯಸ್ಸು, ಲಿಂಗ, ಓದು ನೋಡಿ ಹೋಲಿಸುತ್ತಾರೆ. ಓದು ಬಾರದವರಿಗೂ ಬೇರೆ ಮಾನದಂಡವಿದೆ.

ಇನ್ನು ಉಳಿದದ್ದು ನಮ್ಮ ಪಾಲಿನ ಕೆಲಸ. ಕಲಬುರಗಿಯ ಮನೆಗಳಲ್ಲಿ ದಖನಿ ಉರ್ದು, ತೆಲುಗು, ಮರಾಠಿ ಇವೆ. ಕಮಲಾಪುರದ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಮಾತು. ಪದ ನೆನಪಿಡುವ ಪರೀಕ್ಷೆ ಗೊತ್ತಿಲ್ಲದ ಭಾಷೆಯಲ್ಲಿ ನಡೆದರೆ ಅಳೆದದ್ದು ನೆನಪನ್ನಲ್ಲ, ಭಾಷೆಯನ್ನು. ಆದ್ದರಿಂದ ಮೊದಲೇ ಕೇಳಿ: ಪರೀಕ್ಷೆ ಯಾವ ಭಾಷೆಯಲ್ಲಿ? ಯಾರ ಜೊತೆ ಹೋಲಿಸುತ್ತೀರಿ? ಕೇಳಿದರೆ ಡಾಕ್ಟರು ಬೇಸರಪಡುತ್ತಾರೆ ಎಂದು ಸಂಕೋಚ ಬೇಡ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರೇ ಎಂದೂ ವಿಚಾರಿಸಿ. ವರದಿಯ ಪ್ರತಿ ಕೈಗೆ ಪಡೆಯಿರಿ. ಅಂಗವಿಕಲತೆಯ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವ ಸಂದರ್ಭ ಬಂದರೆ ಅದು ನೆರವಾಗಬಹುದು.

ಎಲ್ಲಿಗೆ ಹೋಗಬೇಕು? ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆ 2022ರಲ್ಲಿ ಆರಂಭಿಸಿದ ‘ಕಭಿ’ ಎಂಬ ಮಿದುಳು ಆರೋಗ್ಯ ಯೋಜನೆ ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿತ್ತು. ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ‘ಬ್ರೈನ್ ಹೆಲ್ತ್ ಕ್ಲಿನಿಕ್ ಎಲ್ಲಿ?’ ಎಂದು ಕೇಳಿ. ಕಮಲಾಪುರದವರು ನೇರ ನಗರಕ್ಕೆ ಬಸ್ ಹತ್ತುವ ಮೊದಲು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಿಚಾರಿಸಿಕೊಳ್ಳಿ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಗೊತ್ತು ಮಾಡಿದ್ದಾರೆ. ಮನೆಯಿಂದಲೇ ಸಲಹೆ ಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಖಾಸಗಿಯಲ್ಲಿ ಒಂದೊಂದು ಕಡೆ ಒಂದೊಂದು ಶುಲ್ಕ. ವರದಿಯ ಖರ್ಚೂ ಸೇರಿದೆಯೇ ಎಂದು ಮುಂಚೆಯೇ ಖಚಿತಪಡಿಸಿಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸುವವರೇ ಇಲ್ಲವೆಂದರೆ ಸುಮ್ಮನೆ ಹಿಂತಿರುಗಬೇಡಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಓಣಿಯ ನಾಲ್ಕು ಮನೆಯವರು ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಪರೀಕ್ಷೆಗೆ ಹೋಗುವ ದಿನ ಅವ್ವನ ಚಾಳೀಸು, ಕಿವಿಯ ಮಷಿನ್, ಹಳೆಯ ಔಷಧ ಚೀಟಿಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಚಾಳೀಸು ಮನೆಯಲ್ಲೇ ಉಳಿದರೆ ಅಂಕ ಕಡಿಮೆ ಬರುತ್ತದೆ.