ಗಜಕರ್ಣವಲ್ಲ, ಕುಷ್ಠವೂ ಅಲ್ಲ: ಸೋರಿಯಾಸಿಸ್ ಜೊತೆ ದಿನಚರಿ

ಜೇವರ್ಗಿ ತಾಲ್ಲೂಕಿನ ಇಜೇರಿಯಂಥ ಊರಿನಲ್ಲಿ ಮೈಮೇಲೆ ಮಚ್ಚೆ ಎದ್ದರೆ ಮೊದಲು ಬರುವ ಹೆಸರು ಗಜಕರ್ಣ. ಎರಡನೆಯದು ದನಿ ತಗ್ಗಿಸಿ ಹೇಳುವ ಕುಷ್ಠ. ಸೋರಿಯಾಸಿಸ್ ಎಂಬ ಮೂರನೆಯ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಔಷಧ ಅಂಗಡಿಯ ನಾಲ್ಕಾರು ಟ್ಯೂಬು ಖಾಲಿಯಾಗಿರುತ್ತವೆ. ಅರ್ಧ ಕಷ್ಟ ರೋಗದ್ದಾದರೆ ಇನ್ನರ್ಧ ಆ ಟ್ಯೂಬಿನದು ಎಂದೇ ನನ್ನ ಲೆಕ್ಕ.

ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗ, ಇವು ಸೋರಿಯಾಸಿಸ್‌ನ ಮೆಚ್ಚಿನ ಜಾಗಗಳು. ಅಂಚು ಸ್ಪಷ್ಟವಾದ ದಪ್ಪ ಮಚ್ಚೆ, ಮೇಲೆ ಬೆಳ್ಳಗಿನ ಹೊಟ್ಟು. ನಮ್ಮ ಕಂದು ಮೈಯಲ್ಲಿ ಅದು ಕೆಂಪಗೆ ಕಾಣದೆ ನೇರಳೆಗೋ ಕಪ್ಪಿಗೋ ತಿರುಗಿರಬಹುದು. ಕೆರೆದರೆ ಮೇಣದಂತೆ ಪುಡಿ ಉದುರಿ, ತಳದಲ್ಲಿ ಸೂಜಿಮೊನೆಯಷ್ಟು ರಕ್ತ ಜಿನುಗುತ್ತದೆ. ಉಗುರಿನ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅನುಮಾನ ಗಟ್ಟಿ. ಗಜಕರ್ಣ ಸಾಮಾನ್ಯವಾಗಿ ಉಂಗುರವಾಗಿ ಹಬ್ಬಿ ನಡುವೆ ತಿಳಿಯಾಗುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕುಂದಿರುತ್ತದೆ. ಸೋರಿಯಾಸಿಸ್‌ನಲ್ಲಿ ಮುಟ್ಟಿದ್ದು ಗೊತ್ತಾಗುತ್ತದೆ, ತುರಿಕೆಯೂ ಇರುತ್ತದೆ. ಈ ಗೊಂದಲ ನಮ್ಮ ಕಡೆಯದಷ್ಟೇ ಅಲ್ಲ. ಯುರೋಪಿನಲ್ಲೂ 1841ರಲ್ಲಿ ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ ಬಿಡಿಸಿ ಹೇಳುವವರೆಗೆ ಸೋರಿಯಾಸಿಸ್, ಕುಷ್ಠ ಎರಡನ್ನೂ ಒಂದೇ ಎಂದುಕೊಂಡವರಿದ್ದರು.

ನಿಜಕ್ಕೂ ಆಗುವುದಿಷ್ಟು. ಚರ್ಮದ ಜೀವಕೋಶ ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಅವಸರ ಮಾಡಿಸುತ್ತದೆ. ಅದೇ ಕೆಲಸ 3ರಿಂದ 5 ದಿನಕ್ಕೆ ಮುಗಿಯುತ್ತದೆ. ಮಾಗದ ಕೋಶಗಳೇ ಹೊಟ್ಟಾಗಿ ರಾಶಿ ಬೀಳುತ್ತವೆ. ಇದರಲ್ಲಿ ಹುಳುವಿಲ್ಲ, ಸೋಂಕಿಲ್ಲ. ಒಂದೇ ತಂಬಿಗೆಯಲ್ಲಿ ನೀರು ಕುಡಿದರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಹತ್ತುವುದಿಲ್ಲ. ವಂಶದಲ್ಲಿ ಬರಬಹುದು, ಬರಲೇಬೇಕೆಂದಿಲ್ಲ.

ಇನ್ನು ಆ ಟ್ಯೂಬು. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಹಲವು ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್ ಮೂರೂ ಕೂಡಿರುತ್ತವೆ. ನಾಲ್ಕು ದಿನ ಹಚ್ಚಿದರೆ ತುರಿಕೆ ಇಳಿಯುತ್ತದೆ, ಬಿಟ್ಟರೆ ಮೊದಲಿಗಿಂತ ಜೋರಾಗಿ ಮರಳಬಹುದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಗಜಕರ್ಣಕ್ಕೇ ಹಚ್ಚಿದರಂತೂ ಅದು ಮುಚ್ಚಿಟ್ಟುಕೊಂಡು ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಾಲನೆ ಎಷ್ಟೆಂದು ಊರವರೇ ಬಲ್ಲರು. ಸ್ಟೀರಾಯ್ಡ್ ವಿಷವೇನಲ್ಲ. ಎಲ್ಲಿಗೆ, ಎಷ್ಟು ದಿನ, ಹೇಗೆ ಇಳಿಸಬೇಕು ಎಂದು ವೈದ್ಯರು ಹೇಳಿದಾಗ ಅದೇ ಒಳ್ಳೆಯ ಮದ್ದು. ಸ್ಟೀರಾಯ್ಡ್ ಮಾತ್ರೆ, ಸೂಜಿಗಳದು ಬೇರೆ ಮಾತು: ತಟ್ಟನೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳುವ ಅಪಾಯವಿದೆ.

ಮನೆಯಲ್ಲಿ ಮಾಡಬೇಕಾದ ದೊಡ್ಡ ಕೆಲಸ ಚರ್ಮ ಒಣಗದಂತೆ ನೋಡಿಕೊಳ್ಳುವುದು. ಚಳಿಗಾಲದಲ್ಲಿ ಸುಡುಸುಡು ನೀರು ಹೊಯ್ದುಕೊಂಡು ಕಲ್ಲಿನಿಂದ ಉಜ್ಜುವ ರೂಢಿ ಬಿಡಬೇಕು. ಉಗುರುಬೆಚ್ಚಗಿನ ನೀರು ಸಾಕು. ಮೈ ಇನ್ನೂ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಬೇಕು. ಗಾಯವಾದಲ್ಲಿ, ಉಜ್ಜಿದಲ್ಲಿ ಹೊಸ ಮಚ್ಚೆ ಏಳುವುದು ಈ ರೋಗದ ಗುಣ. ಹಾಗಾಗಿ ಉಡಿದಾರ, ಲಂಗದ ಲಾಡಿ ಬಿಗಿಯುವ ಸೊಂಟ ನೋಡಿಕೊಳ್ಳಿ. ಜೋಳದ ಕೊಯ್ಲಿಗೆ, ಹತ್ತಿ ಬಿಡಿಸಲು ಹೋಗುವವರು ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಎಳೆಬಿಸಿಲು ಸ್ವಲ್ಪ ಹೊತ್ತು ಹಿತ. ಏಪ್ರಿಲ್, ಮೇ ನಡುಹಗಲಿನ ಬಿಸಿಲು ಚರ್ಮ ಸುಟ್ಟು ಕೆಡುಕೇ ಮಾಡುತ್ತದೆ.

ಬದನೆ ಬೇಡ, ಶೇಂಗಾ ಬೇಡ ಎಂಬ ಪಥ್ಯಕ್ಕೆ ಗಟ್ಟಿ ಆಧಾರವಿಲ್ಲ. ಸೇಂದಿ, ಸಾರಾಯಿ, ಬೀಡಿ ಬಿಡುವುದಕ್ಕೆ, ತೂಕ ಹೆಚ್ಚಿದ್ದರೆ ಇಳಿಸುವುದಕ್ಕೆ ಇದೆ. ಬಿ.ಪಿ.ಯ ಕೆಲವು ಮಾತ್ರೆ, ಮಲೇರಿಯಾದ ಕ್ಲೋರೋಕ್ವಿನ್ ರೋಗ ಕೆರಳಿಸಬಲ್ಲವು. ವೈದ್ಯರಿಗೆ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ.

ಮುಲಾಮಿಗೆ ಬಗ್ಗದಿದ್ದರೆ ಕಟ್ಟಿ ಸಂಗಾವಿ ಸೇತುವೆ ದಾಟಿ ಕಲಬುರಗಿಯ ಚರ್ಮವೈದ್ಯರಲ್ಲಿಗೆ ಹೋಗಲೇಬೇಕು. ಯು.ವಿ. ಬೆಳಕಿನ ಚಿಕಿತ್ಸೆ ಒಳ್ಳೆಯದು, ಆದರೆ ವಾರಕ್ಕೆ ಎರಡು ಮೂರು ಸಲ ಓಡಾಡಬೇಕು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆಯಾದರೂ ದಿನದ ಕೂಲಿ ಹೋಗುತ್ತದೆ. ಅಂಥವರಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಅನುಕೂಲ. ನೆನಪಿರಲಿ, ಅದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಕುತ್ತು. ಊರ ಸಂತೆಯ ದಿನಕ್ಕೆ ಗಂಟುಹಾಕಿಕೊಂಡರೆ ಮರೆಯುವುದಿಲ್ಲ. ಆಗಾಗ ರಕ್ತ ಪರೀಕ್ಷೆ ಬೇಕು, ಕುಡಿತ ಬೇಡ, ಬಸುರಿಯಾಗಬಯಸುವವರಿಗೆ ಇದು ಸಲ್ಲದು. ಜೈವಿಕ ಸೂಜಿಮದ್ದುಗಳೂ ಬಂದಿವೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಜುಮ್ಯಾಬ್ ತಂದದ್ದು ಇದೇ ರೋಗಕ್ಕೆ. ಬೆಲೆ ಮಾತ್ರ ಕೂಲಿಯವರ ಕೈಗೆಟುಕುವಂಥದ್ದಲ್ಲ.

ಬೆಳಿಗ್ಗೆ ಎದ್ದಾಗ ಬೆರಳಿನ ಗಿಣ್ಣು ಬಿಗಿದು ಊದಿದ್ದರೆ ರೋಗ ಕೀಲಿಗೂ ಇಳಿದಿರಬಹುದು. ತಡಮಾಡಿದರೆ ಕೀಲು ಸೊಟ್ಟಾಗುತ್ತದೆ. ಇಡೀ ಮೈ ಕೆಂಪೇರಿ ಚಳಿಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಚೀಲಕ್ಕೆ ಹಾಕಿಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.