ಗೊರಕೆಯೂ ಹಗಲಿನ ತೂಕಡಿಕೆಯೂ

ಗೋಕಾಕ ತಾಲೂಕಿನ ಕೊಣ್ಣೂರ ಗಿರಣಿಯ ನೆರೆಯೂರು. 1885ರಲ್ಲಿ ಘಟಪ್ರಭೆಯ ಜಲಪಾತದ ಬಳಿ ನೂಲಿನ ಗಿರಣಿಯು ಸ್ಥಾಪಿತವಾದ ಮೇಲೆ ಈ ಭಾಗದ ಎಷ್ಟೋ ಮನೆತನಗಳ ನಿದ್ರೆಯು ಸೂರ್ಯನ ಆಜ್ಞೆಯನ್ನು ಬಿಟ್ಟು ಪಾಳಿಯ ಆಜ್ಞೆಗೆ ಒಳಪಟ್ಟಿತು. ಇಂಥ ಊರಿನಲ್ಲಿ ಹಗಲು ತೂಕಡಿಸುವವನನ್ನು ಕಂಡರೆ ‘ರಾತ್ರಿಪಾಳಿ’ ಎಂಬ ಒಂದೇ ಮಾತಿನಿಂದ ವಿಚಾರ ಮುಗಿಯುವದು. ಪಾಳಿಯಿಲ್ಲದ ಕಾರಕೂನನಾದರೆ ‘ಸೋಮಾರಿ’ ಎಂಬ ಮಾತಿನಿಂದ.

ಪಾಳಿಯಿಂದ ನಿದ್ರೆ ಕೆಡುವದೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಏಳೆಂಟು ತಾಸು ಮಲಗಿಯೂ ದಣಿದೇ ಏಳುವವನ ವಿಷಯದಲ್ಲಿ ಈ ಎರಡೂ ಉತ್ತರಗಳು ಸಾಲವು. ಅವುಗಳ ಮರೆಯಲ್ಲಿ ಮೂರನೆಯದೊಂದು ಅಡಗಿರಬಹುದು: ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ, ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುವಂಥದು.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲುವದು ಎಲ್ಲರಿಗೂ ಸಹಜ. ಕೆಲವರಲ್ಲಿ ಆ ಸಡಿಲಿಕೆಯಿಂದ ಶ್ವಾಸಮಾರ್ಗವೇ ಮುಚ್ಚಿ, ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಹೋಗದು. ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷಕ್ಕೂ ಮಿಕ್ಕಿ ಹೀಗಾಗಿ, ರಕ್ತದಲ್ಲಿ ಪ್ರಾಣವಾಯು ಇಳಿಯಲು ಮಿದುಳು ಬೆಚ್ಚಿ ದೇಹವನ್ನು ಕ್ಷಣಮಾತ್ರ ಎಚ್ಚರಿಸುವದು. ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುವದು. ಮಲಗಿದವನಿಗೆ ಇದರ ನೆನಪೇ ಇರದು. ಉಸಿರು ನಿಲ್ಲುವದು ಅಥವಾ ಕುಗ್ಗುವದು ತಾಸಿಗೆ 30 ಸಲ ಮುಟ್ಟಿದರೆ ರೋಗವು ತೀವ್ರವೆಂದು ಗಣನೆ. ಆ ಲೆಕ್ಕದಲ್ಲಿ 7 ತಾಸಿಗೆ 210 ಸಲ! ಯಾವ ಕಾರಕೂನನನ್ನಾದರೂ ಹಗಲಲ್ಲಿ 210 ಸಲ ಭುಜ ಹಿಡಿದು ಅಲುಗಿಸಿದರೆ ಅವನ ಲೆಕ್ಕಪತ್ರಗಳ ಗತಿ ಏನಾದೀತು?

ಗಾಢನಿದ್ರೆಯೂ ಕನಸಿನ ನಿದ್ರೆಯೂ ಹೀಗೆ ತುಂಡುತುಂಡಾದ ಮೇಲೆ ಹಗಲಿನಲ್ಲಿ ಮೊದಲು ಸಡಿಲುವದು ಅವಧಾನ. ಓದಿದ ಸಾಲನ್ನೇ ಮರಳಿ ಓದಬೇಕಾಗುವದು; ಹೇಳಿದ ಮಾತು ಮರೆಯುವದು; ನಿರ್ಣಯ ತಡವಾಗುವದು; ಸಣ್ಣದಕ್ಕೂ ಸಿಡುಕು. ಕಚೇರಿಯಲ್ಲಿ ಇದರ ಫಲ ಒಂದು ತಪ್ಪು ಕಾಗದ. ಯಂತ್ರದ ಮುಂದೆ ಒಂದು ಬೆರಳು. ರಾತ್ರಿಯ ರಸ್ತೆಯಲ್ಲಿ ಲಾರಿ ನಡೆಸುವವನಿಗೆ ತನ್ನ ಪ್ರಾಣವೂ ಇತರರ ಪ್ರಾಣವೂ. ರಕ್ತದೊತ್ತಡದ ಮಾತು ಬೇರೆ.

ನಮ್ಮ ಜನರು ಗೊರಕೆಯನ್ನು ಸುಖನಿದ್ರೆಯ ಕುರುಹೆಂದು ಬಗೆದು, ಗೊರಕೆಯವನಿಗೆ ಕುಂಭಕರ್ಣನೆಂಬ ಬಿರುದು ಕೊಟ್ಟು ನಗುತ್ತಾರೆ. ಇಂಗ್ಲಿಷರೂ ನಕ್ಕವರೇ. ಡಿಕನ್ಸ್ ತನ್ನ ಪಿಕ್‌ವಿಕ್ ಕಾದಂಬರಿಯಲ್ಲಿ ಸದಾ ತೂಕಡಿಸುವ ಸ್ಥೂಲಕಾಯದ ಹುಡುಗನನ್ನು ಚಿತ್ರಿಸಿದ್ದು 1836-37ರಲ್ಲಿ. ಇದರ ಸಮೀಪದ ರೋಗವೊಂದಕ್ಕೆ ವೈದ್ಯರು ಆ ಕಾದಂಬರಿಯ ಹೆಸರಿಟ್ಟದ್ದು 1956ರಲ್ಲಿ. ಗೊರಕೆಯವರೆಲ್ಲರೂ ರೋಗಿಗಳಲ್ಲ, ರೋಗಿಗಳೆಲ್ಲರೂ ಸ್ಥೂಲರೂ ಅಲ್ಲ. ಗೊರಕೆ ಥಟ್ಟನೆ ನಿಂತು, ಉಸಿರಿಗಾಗಿ ತಡಕಾಡಿ ಮತ್ತೆ ಮೊದಲಾಗುವದನ್ನು ಕತ್ತಲಲ್ಲಿ ಕೇಳಿ ಗಾಬರಿಗೊಂಡ ಹೆಂಡತಿಯ ಸಾಕ್ಷಿಯೇ ಇಲ್ಲಿ ದೊಡ್ಡದು.

ಉಪಾಯವುಂಟು. ತೂಕ ಇಳಿಸುವದು, ಮಗ್ಗುಲಾಗಿ ಮಲಗುವದು, ಮದ್ಯವನ್ನು ಬಿಡುವದು ಕೆಲವರಿಗೆ ಸಾಕು. ತೀವ್ರ ರೋಗಿಗೆ ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಶ್ವಾಸಮಾರ್ಗವನ್ನು ತೆರೆದಿಡುವ ಯಂತ್ರವಿದೆ. ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಕಟಿಸಿದರು. ಇದರಿಂದ ತೂಕಡಿಕೆ ಬೇಗ ಇಳಿಯುವದು. ಕುಂದಿದ ಬುದ್ಧಿಶಕ್ತಿಯೆಲ್ಲ ಅಷ್ಟೇ ಬೇಗ ಮರಳೀತೆಂದು ಭರವಸೆ ಕೊಡಲಾಗದು. ಅದಕ್ಕಾಗಿಯೇ ತಡಮಾಡಬಾರದೆಂದು ನಮ್ಮ ಅಭಿಪ್ರಾಯ. ವೈದ್ಯರನ್ನು ಕೇಳದೆ ನಿದ್ರೆಗುಳಿಗೆ ನುಂಗುವದಂತೂ ಸಲ್ಲದು. ಕೆಲವು ಗುಳಿಗೆಗಳು ಸಡಿಲಿದ ಗಂಟಲನ್ನು ಇನ್ನಷ್ಟು ಸಡಿಲಿಸುವವು.

ಯಂತ್ರದ ಮುಂದೆ ನಿಲ್ಲುವವರ, ವಾಹನ ನಡೆಸುವವರ ಕಣ್ಣು ಕಿವಿಗಳನ್ನು ಪರೀಕ್ಷಿಸುವ ವೈದ್ಯರು ನಿದ್ರೆಯ ಉಸಿರಿನ ಬಗೆಗೂ ಒಂದು ಪ್ರಶ್ನೆ ಕೇಳಲಿ. ಸಾಧ್ಯವಾದರೆ ಮನೆಯವರನ್ನೇ ಕರೆಸಿ ಕೇಳಲಿ. ರೋಗಿಗೆ ಅದರ ಸುದ್ದಿಯೇ ತಿಳಿದಿರುವದಿಲ್ಲ.