ಮೇಲಿರೋ ಕ್ಲಬ್ ಕೆಳಗೆ ಬೀಳುತ್ತಾ? ಹೈದರಾಬಾದ್, ಬೆಂಗಳೂರು ಕೊಡೋ ಉತ್ತರ

ಈ ಸಲದ ಮಾತು ಫುಟ್ಬಾಲ್ ಬಗ್ಗೆ. ವಿಡಿಯೊ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ ಎಂದಿನಂತೆ ಬರಹ ರೂಪ ಇಲ್ಲಿದೆ.

2025ರ ಏಪ್ರಿಲ್ 12, ಶನಿವಾರ ರಾತ್ರಿ. ವಿಜಯವಾಡದ ಭವಾನಿಪುರಂನಲ್ಲಿರೋ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಜನ ಕನ್ನಡಿಗರು, ಒಬ್ಬ ಕೋಲ್ಕತ್ತಾದ ಸಹೋದ್ಯೋಗಿ. ಟೀವಿಯಲ್ಲಿ ಐಎಸ್‌ಎಲ್ ಫೈನಲ್. ಮೋಹನ್ ಬಾಗಾನ್ ಕಡೆಯವರೇ ಹೊಡೆದುಕೊಂಡ ಗೋಲಿನಿಂದ ಬೆಂಗಳೂರು ಎಫ್‌ಸಿ ಮುಂದಿತ್ತು. ಆಮೇಲೆ ಪೆನಾಲ್ಟಿಯಲ್ಲಿ ಕಮಿಂಗ್ಸ್ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಹೊಡೆದ. 2-1. ಮುಗೀತು. ಅದೇ ಸೀಸನ್ನಿನ ಲೀಗ್ ಶೀಲ್ಡ್ ಕೂಡ ಅವರದೇ. ಸತತ ಎರಡು ವರ್ಷ ಶೀಲ್ಡ್ ಗೆದ್ದ ಮೊದಲ ತಂಡ ಅದು.

ನಮ್ಮ ಕೋಲ್ಕತ್ತಾ ಗೆಳೆಯ ಖುಷಿಯಲ್ಲಿ ಒಂದು ಮಾತು ಹೇಳಿದ: "ಇನ್ನು ಹತ್ತು ವರ್ಷ ನಮ್ಮನ್ನ ಯಾರೂ ಮುಟ್ಟೋಕಾಗಲ್ಲ."

ನಾವು ನಾಲ್ಕು ಜನ ಮುಖ ಮುಖ ನೋಡ್ಕೊಂಡ್ವಿ. ಯಾಕಂದ್ರೆ 2019ರಲ್ಲಿ ನಾವೂ ಇದೇ ಮಾತು ಆಡಿದ್ವಿ.

ಸರಿ, ಪ್ರಶ್ನೆಗೆ ಬರೋಣ. ಎಲ್ಲರನ್ನೂ ಸೋಲಿಸಿ ಮೇಲೆ ಕೂತಿರೋ ಒಂದು ಕ್ಲಬ್ ನಿಜವಾಗಲೂ ಕೆಳಗೆ ಬೀಳಬಹುದಾ? ನನ್ನ ಉತ್ತರ ಮೊದಲೇ ಹೇಳ್ತೀನಿ. ಬೀಳುತ್ತೆ, ಅದರಲ್ಲಿ ಅನುಮಾನ ಬೇಡ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬಿದ್ದ ಮೇಲೆ ಆ ಕ್ಲಬ್ ಉಳಿಯುತ್ತಾ?

ನಮ್ಮದೇ ಉದಾಹರಣೆ

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಚಾಂಪಿಯನ್. 2015-16ರಲ್ಲಿ ಮತ್ತೆ ಚಾಂಪಿಯನ್. ನಡುವಿನ ವರ್ಷ 2015ರ ಮೇ 31ಕ್ಕೆ ಕಂಠೀರವದಲ್ಲಿ ಕೊನೆಯ ಪಂದ್ಯ, ಗೆದ್ದರೆ ಪ್ರಶಸ್ತಿ ನಮಗೆ. 1-0 ಮುಂದಿದ್ದಾಗ ಮೋಹನ್ ಬಾಗಾನ್‌ನ ಬೆಲ್ಲೋ ರಜಾಕ್ ಕೊನೆ ಗಳಿಗೆಯಲ್ಲಿ ಹೆಡರ್ ಹೊಡೆದು ಕಿತ್ತುಕೊಂಡು ಹೋದ. ಅಂದ್ರೆ ಮೊದಲ ಮೂರು ವರ್ಷದಲ್ಲಿ ಎರಡು ಪ್ರಶಸ್ತಿ, ಒಂದು ಕೂದಲೆಳೆಯಲ್ಲಿ ತಪ್ಪಿದ್ದು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. 2017ರಲ್ಲಿ ಐಎಸ್‌ಎಲ್‌ಗೆ ಬಂದ ಮೇಲೂ ಮೊದಲ ಎರಡು ಸೀಸನ್ ಲೀಗ್‌ನಲ್ಲಿ ಅಗ್ರಸ್ಥಾನ. 2019ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ರಾಹುಲ್ ಭೇಕೆಯ ಹೆಡರ್‌ನಿಂದ ಗೋವಾವನ್ನ ಸೋಲಿಸಿ ಕಪ್ ಎತ್ತಿದ್ರು.

ಆಗ ಯಾರನ್ನ ಕೇಳಿದ್ರೂ ಇದು ಭಾರತದ ಅತ್ಯುತ್ತಮ ಕ್ಲಬ್ ಅಂತಿದ್ರು. ಎರಡೇ ವರ್ಷ. 2020-21ರಲ್ಲಿ 7ನೇ ಸ್ಥಾನ. 2023-24ರಲ್ಲಿ 12 ತಂಡಗಳಲ್ಲಿ 10ನೇ ಸ್ಥಾನ. ಮಧ್ಯದಲ್ಲಿ 2022ರ ಡ್ಯುರಾಂಡ್ ಕಪ್, ಎರಡು ಫೈನಲ್ ಬಂದಿದ್ದು ನಿಜ. ಆದರೆ 2019ರಲ್ಲಿದ್ದ ಆ ಹಿಡಿತ ಮತ್ತೆ ಸಿಗಲಿಲ್ಲ.

ಏನಾಯ್ತು? ಒಂದೇ ದಿನ ಆಗಿದ್ದಲ್ಲ. ನಮ್ಮ ಕೆಲಸದಲ್ಲಿ ಲ್ಯಾಗಿಂಗ್ ಇಂಡಿಕೇಟರ್ ಅಂತೀವಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಕಾಣೋ ಹೊತ್ತಿಗೆ ತೊಂದರೆ ಶುರುವಾಗಿ ಎಷ್ಟೋ ದಿನ ಆಗಿರುತ್ತೆ. ಪಾಯಿಂಟ್ಸ್ ಟೇಬಲ್ ಕೂಡ ಅಂಥದ್ದೇ. ತಂಡದ ಬೆನ್ನೆಲುಬಿನಂಥ ಆಟಗಾರರಿಗೆ ವಯಸ್ಸಾಗ್ತಾ ಇರುತ್ತೆ, ಆದರೂ ಅನುಭವದ ಬಲದಲ್ಲಿ ಒಂದೆರಡು ವರ್ಷ ಗೆಲ್ಲಿಸ್ತಾರೆ. ಗೆಲ್ತಿರೋ ತಂಡವನ್ನ ಯಾರು ತಾನೇ ಒಡೆದು ಕಟ್ತಾರೆ? ಸೋಲು ಶುರುವಾದ ಮೇಲೆ ಒಟ್ಟಿಗೇ ನಾಲ್ಕೈದು ಜನರನ್ನ ಬದಲಿಸಬೇಕಾಗುತ್ತೆ.

ಒಂದೇ ಒಂದು ಅಂಕಿ ನೋಡಿ. 2024-25ರ ಐಎಸ್‌ಎಲ್‌ನಲ್ಲಿ ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಸುನಿಲ್ ಛೆಟ್ರಿ, 14 ಗೋಲು. ವಯಸ್ಸು 40. ಅವರ ಬಗ್ಗೆ ಇರೋ ಗೌರವಕ್ಕೆ ಮಿತಿ ಇಲ್ಲ. ಆದರೆ 2013ರಲ್ಲಿ ಯಾರ ಮೇಲೆ ನಿಂತಿದ್ವೋ 12 ವರ್ಷ ಆದ ಮೇಲೂ ಅವರ ಮೇಲೇ ನಿಂತಿದೀವಿ. ಪ್ರೊಡಕ್ಷನ್ ಸಿಸ್ಟಮ್ ಒಬ್ಬನೇ ಎಂಜಿನಿಯರ್ ತಲೆಯಲ್ಲಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಹೀಂ ಸಾಹೇಬರ ಹೈದರಾಬಾದ್

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 'ಮೈದಾನ್' ಸಿನಿಮಾ ನೋಡಿದವರಿಗೆ ಸೈಯದ್ ಅಬ್ದುಲ್ ರಹೀಂ ಹೆಸರು ಗೊತ್ತಿರುತ್ತೆ. ಮೇಷ್ಟ್ರಾಗಿದ್ದವರು. ಹೈದರಾಬಾದ್ ಸಿಟಿ ಪೊಲೀಸ್ ತಂಡ ಕಟ್ಟಿದವರು. ಆ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಬಾಂಬೆಯ ರೋವರ್ಸ್ ಕಪ್ ಗೆತ್ತು. ನ್ಯಾಷನಲ್ ಲೀಗ್ ಇಲ್ಲದ ಕಾಲದಲ್ಲಿ ರೋವರ್ಸ್, ಡ್ಯುರಾಂಡ್, ಐಎಫ್‌ಎ ಶೀಲ್ಡ್, ಇವೇ ದೊಡ್ಡವು. ಅದೇ ರಹೀಂ ಭಾರತ ತಂಡವನ್ನ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ, 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನಕ್ಕೆ ಒಯ್ದರು.

ಅವರು ಆಟಗಾರರನ್ನ ತಯಾರು ಮಾಡ್ತಿದ್ದ ರೀತಿ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಹುಡುಗರಿಗೆ ಡ್ರಿಬಲ್ ಮಾಡೋ ಹಾಗಿಲ್ಲ, ಪಾಸ್ ಮಾತ್ರ ಅನ್ನೋ ಟೂರ್ನಮೆಂಟ್. ದುರ್ಬಲ ಕಾಲಿನಲ್ಲಿ ಮಾತ್ರ ಆಡಬೇಕು ಅನ್ನೋ ಟೂರ್ನಮೆಂಟ್. ಮೇಲೆ ಗೆಲ್ತಿದ್ದ ತಂಡದ ಬೇರು ಇಲ್ಲಿತ್ತು.

1963ರ ಜೂನ್‌ನಲ್ಲಿ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಂತೋಷ್ ಟ್ರೋಫಿ ಪಟ್ಟಿ ತೆಗೆದು ನೋಡಿ. 1956-57, 1957-58ರಲ್ಲಿ ಹೈದರಾಬಾದ್ ಚಾಂಪಿಯನ್, 1965-66ರಲ್ಲಿ ಆಂಧ್ರಪ್ರದೇಶ ಚಾಂಪಿಯನ್. ಆಮೇಲೆ? ಆಂಧ್ರದ ಹೆಸರೇ ಇಲ್ಲ. ರಹೀಂ ತಯಾರು ಮಾಡಿದ್ದ ಪೀಳಿಗೆ ಅವರು ಹೋದ ಮೇಲೂ ಒಂದೆರಡು ವರ್ಷ ಗೆಲ್ತು. ಹೊಸ ಪೀಳಿಗೆ ತಯಾರು ಮಾಡೋರು ಇರಲಿಲ್ಲ. ಇಲ್ಲೂ ಅದೇ ಕಥೆ, ಬಿದ್ದ ದಿನ ಒಂದು, ಗೊತ್ತಾದ ದಿನ ಇನ್ನೊಂದು.

ಇನ್ನೊಂದು ಕಾರಣ ನಮ್ಮಂಥವರಿಗೆ ತುಂಬಾ ಹತ್ತಿರದ್ದು. ವಲಸೆ. ಸಿಕಂದರಾಬಾದ್ ಹುಡುಗ ತುಳಸೀದಾಸ್ ಬಲರಾಂ 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿದ. 60ರ ದಶಕದಲ್ಲಿ ಹೈದರಾಬಾದಿನ ಮೊಹಮ್ಮದ್ ಹಬೀಬ್ ಹೋದ. 1977ರಲ್ಲಿ ಪೆಲೆ ಇದ್ದ ಕಾಸ್ಮಾಸ್ ವಿರುದ್ಧ ಮೋಹನ್ ಬಾಗಾನ್ ಪರ ಗೋಲು ಹೊಡೆದದ್ದು ಇದೇ ಹಬೀಬ್.

ಬೆಂಗಳೂರಿನದ್ದೂ ಇದೇ ಹಾಡು, ಇನ್ನೂ ಮೊದಲೇ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು. ಆದರೆ 1949ರಿಂದ 1953ರವರೆಗೆ ಕೋಲ್ಕತ್ತಾವನ್ನ ಆಳಿದ ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವರು' ಯಾರು? ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆಹ್. ಐವರೂ ದಕ್ಷಿಣದವರು. ಅಹ್ಮದ್ ಖಾನ್, ಧನರಾಜ್ ನಮ್ಮ ಬೆಂಗಳೂರಿನವರು. ಒಳ್ಳೆ ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋದರು. ಅವರನ್ನ ತಪ್ಪು ಅನ್ನೋಕೆ ನಾನ್ಯಾರು? ನಾನೇ ಕೃಷ್ಣಾ ನದಿ ದಂಡೇಲಿ ಕೂತಿದೀನಿ. ಆದರೆ ಹೋದವರ ಜಾಗ ತುಂಬೋ ಹುಡುಗರು ಕೆಳಗಿಂದ ಬರ್ತಾ ಇಲ್ಲ ಅಂದ್ರೆ ಊರಿನ ತಂಡ ಖಾಲಿ ಆಗುತ್ತೆ. ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಮತ್ತೆ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ. 54 ವರ್ಷ ಕಾಯಬೇಕಾಯ್ತು.

ಬೀಳೋಕೂ ಒಂದು ಮೆಟ್ಟಿಲು ಬೇಕು

ಇಲ್ಲಿವರೆಗೆ ನಿಧಾನಕ್ಕೆ ಬಿದ್ದವರ ಕಥೆ. ಈಗ ಮಾಯವಾದವರ ಕಥೆ.

ಹೈದರಾಬಾದ್ ಎಫ್‌ಸಿ. ಪುಣೆಯ ಕ್ಲಬ್ ಮುಚ್ಚಿದಾಗ ಅದರ ಜಾಗದಲ್ಲಿ 2019ರಲ್ಲಿ ಶುರುವಾಯ್ತು. ಮನೋಲೋ ಮಾರ್ಕೆಜ್ ಕೋಚ್ ಆಗಿ 2022ರ ಮಾರ್ಚ್ 20ರಂದು ಗೋವಾದಲ್ಲಿ ಕೇರಳ ಬ್ಲಾಸ್ಟರ್ಸ್ ಅನ್ನ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಚಾಂಪಿಯನ್. ಒಂದು ವಿಷಯ ಗಮನಿಸಿ. ಕೋವಿಡ್ ಕಾರಣ ಆ ಸೀಸನ್ ಪೂರ್ತಿ ಗೋವಾದಲ್ಲೇ ನಡೀತು. ಅಂದ್ರೆ ಹೈದರಾಬಾದ್ ತನ್ನ ಊರಿನಲ್ಲಿ ಒಂದೂ ಪಂದ್ಯ ಆಡದೆ ಚಾಂಪಿಯನ್ ಆಯ್ತು!

ಮುಂದಿನ ಸೀಸನ್ನಿನಲ್ಲಿ ಟೇಬಲ್‌ನಲ್ಲಿ ಎರಡನೇ ಸ್ಥಾನ. ಆಗ ನಾವು ಮೂವರು ವಿಜಯವಾಡದಿಂದ ಬಸ್ ಹಿಡಿದು ಗಚ್ಚಿಬೌಲಿಗೆ ಹೋಗಿದ್ವಿ, ನೀಲಿ ಜರ್ಸಿ ಹಾಕ್ಕೊಂಡು, ಬೆಂಗಳೂರು ಪಂದ್ಯ ನೋಡೋಕೆ. ಸುತ್ತ ಟೆಕ್ ಪಾರ್ಕ್‌ಗಳು, ನಡುವೆ ಬಾಲಯೋಗಿ ಸ್ಟೇಡಿಯಂ. ಹಳದಿ ಜರ್ಸಿಯ ಹುಡುಗರು ನಮ್ಮನ್ನ ರೇಗಿಸಿ, ಆಮೇಲೆ ಇರಾನಿ ಚಾಯ್ ಕುಡಿಸಿದ್ರು.

2023-24ಕ್ಕೆ ಕೋಚ್ ಹೋದರು. ಆಟಗಾರರಿಗೆ ಸಂಬಳ ಬಾಕಿ. ಹೊಸಬರನ್ನ ನೋಂದಾಯಿಸದ ಹಾಗೆ ಫಿಫಾ ನಿಷೇಧ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ರು. ನನ್ನ ಮೊದಲ ಕೆಲಸದಲ್ಲಿ ಎರಡು ತಿಂಗಳು ಸಂಬಳ ಬರದೇ ಇದ್ದಾಗ ನೋಡಿದೀನಿ, ಬೇರೆ ಕಡೆ ಬೇಗ ಕೆಲಸ ಸಿಗೋರು ಮೊದಲು ಹೋಗ್ತಾರೆ, ಅಂದ್ರೆ ಅತಿ ಚೆನ್ನಾಗಿ ಕೆಲಸ ಮಾಡೋರು. ಉಳಿದದ್ದು ಹೊಸ ಹುಡುಗರು. 22 ಪಂದ್ಯದಲ್ಲಿ 1 ಗೆಲುವು, 8 ಪಾಯಿಂಟ್, ಕೊನೆಯ ಸ್ಥಾನ. ಕಪ್ ಎತ್ತಿ ಎರಡೇ ವರ್ಷ. 2024ರಲ್ಲಿ ಮಾಲೀಕರು ಬದಲಾದ್ರು, 2025ರಲ್ಲಿ ಕ್ಲಬ್ ದೆಹಲಿಗೆ ಹೋಯ್ತು, ಹೆಸರೂ ಬದಲಾಯ್ತು. ಚಾಯ್ ಕುಡಿಸಿದ ಆ ಹುಡುಗರಿಗೆ ಈಗ ಸೋಲೋಕೂ ಒಂದು ತಂಡ ಇಲ್ಲ.

ಇದನ್ನ ಬೇರೆ ದೇಶದ ಜೊತೆ ಹೋಲಿಸಿ ನೋಡಿ. ಲೆಸ್ಟರ್ ಸಿಟಿ 2016ರಲ್ಲಿ ಇಂಗ್ಲೆಂಡ್ ಚಾಂಪಿಯನ್, 2023ರಲ್ಲಿ ಎರಡನೇ ದರ್ಜೆಗೆ ಬಿತ್ತು. ಒಂದೇ ವರ್ಷಕ್ಕೆ ವಾಪಸ್ ಬಂತು, 2025ರಲ್ಲಿ ಮತ್ತೆ ಬಿತ್ತು. ಸ್ಕಾಟ್ಲೆಂಡ್‌ನ ರೇಂಜರ್ಸ್ ಅಂತೂ 2012ರಲ್ಲಿ ದಿವಾಳಿ ಆಗಿ ನಾಲ್ಕನೇ ದರ್ಜೆಯಿಂದ ಶುರು ಮಾಡಿತು. ಅಲ್ಲೂ ಪಂದ್ಯಕ್ಕೆ 40 ಸಾವಿರಕ್ಕೂ ಹೆಚ್ಚು ಜನ ಬರ್ತಿದ್ರು. 2021ರಲ್ಲಿ ಮತ್ತೆ ಚಾಂಪಿಯನ್. ಕೆಳಗೆ ಇನ್ನೊಂದು ಮೆಟ್ಟಿಲಿತ್ತು, ಕಾಲಿಟ್ಟು ನಿಂತ್ರು, ಹತ್ತಿ ಬಂದ್ರು.

ನಮ್ಮಲ್ಲಿ ಐಎಸ್‌ಎಲ್‌ನ ಮೊದಲ 11 ಸೀಸನ್‌ಗಳಲ್ಲಿ ಕೊನೆಯ ಸ್ಥಾನ ಬಂದ ಯಾವ ತಂಡವೂ ಕೆಳಗಿನ ದರ್ಜೆಗೆ ಹೋಗಲಿಲ್ಲ. ಕೇಳೋಕೆ ಇದು ರಕ್ಷಣೆ ಅನ್ನಿಸುತ್ತೆ. ಆದರೆ ಇಲ್ಲಿನ ಕ್ಲಬ್‌ಗಳು ಬಹುಪಾಲು ನಡೆಯೋದು ಟಿಕೆಟ್ ದುಡ್ಡಿಂದ ಅಲ್ಲ, ಮಾಲೀಕರ ಜೇಬಿಂದ. ಮಾಲೀಕರಿಗೆ ಸಾಕಾಯ್ತು ಅಂದ್ರೆ ಎರಡನೇ ದರ್ಜೆ ಇಲ್ಲ, ನೇರ ಬಾಗಿಲು. ಮೊದಲ ನ್ಯಾಷನಲ್ ಫುಟ್ಬಾಲ್ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿತು. ಮಹೀಂದ್ರ ಯುನೈಟೆಡ್ 2010ರಲ್ಲೇ ಮುಚ್ಚಿತ್ತು.

ಉಲ್ಟಾ ಉದಾಹರಣೆ ಗೋವಾದ ಡೆಂಪೊ. 2005ರಿಂದ 2012ರ ನಡುವೆ ಐದು ಸಲ ರಾಷ್ಟ್ರೀಯ ಚಾಂಪಿಯನ್, ಐದಕ್ಕೂ ಅರ್ಮಾಂಡೊ ಕೊಲಾಸೊ ಒಬ್ಬರೇ ಕೋಚ್. 2013ರಲ್ಲಿ ಅವರು ಹೋದರು, 2015ರಲ್ಲಿ ಡೆಂಪೊ ಐ-ಲೀಗ್‌ನಿಂದ ಕೆಳಗೆ ಬಿತ್ತು. ಇಷ್ಟು ಎತ್ತರದಿಂದ ಇಷ್ಟು ಬೇಗ ಬಿದ್ದವರು ಕಡಿಮೆ. ಆದರೆ ಕ್ಲಬ್ ಸಾಯಲಿಲ್ಲ. ಗೋವಾ ಲೀಗ್ ಆಡ್ತಾ, ಹುಡುಗರನ್ನ ಬೆಳೆಸ್ತಾ ಇದ್ದು 2024-25ಕ್ಕೆ ಐ-ಲೀಗ್‌ಗೆ ವಾಪಸ್ ಬಂತು.

ಹಾಗಾದ್ರೆ ಮೋಹನ್ ಬಾಗಾನ್?

ನಮ್ಮ ಕೋಲ್ಕತ್ತಾ ಗೆಳೆಯನಿಗೆ ಅವತ್ತು ಹೇಳಿದ್ದು ಇಷ್ಟು. ನಿಮ್ಮ ಕ್ಲಬ್ ಈಗಾಗಲೇ ಒಂದು ಸಲ ಬಿದ್ದಿದೆ. 2002ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮೇಲೆ ಮುಂದಿನದು ಸಿಕ್ಕಿದ್ದು 2015ರಲ್ಲಿ. ಪಕ್ಕದ ಈಸ್ಟ್ ಬೆಂಗಾಲ್ 2004ರಲ್ಲಿ ಗೆದ್ದಿತ್ತು, ಆಮೇಲೆ 20 ವರ್ಷ ಕಳೆದರೂ ಇನ್ನೊಂದು ಲೀಗ್ ಸಿಗಲಿಲ್ಲ. ಆದರೂ ಡರ್ಬಿ ದಿನ ಸಾಲ್ಟ್ ಲೇಕ್ ತುಂಬುತ್ತೆ. 1889ರಲ್ಲಿ ಹುಟ್ಟಿದ ಕ್ಲಬ್ ಹೆಸರಿನ ಮುಂದೆ 2020ರಲ್ಲಿ ಎಟಿಕೆ ಅಂತ ಸೇರಿಸಿದಾಗ ಅಭಿಮಾನಿಗಳು ಮೂರು ವರ್ಷ ಬಿಡದೆ ಪ್ರತಿಭಟಿಸಿ ತೆಗೆಸಿದ್ರು. ಅಲ್ಲಿ ಮಾಲೀಕರು ಬದಲಾದ್ರೂ ಕ್ಲಬ್ ಊರು ಬಿಟ್ಟು ಹೋಗಲ್ಲ. ಅಂದ್ರೆ ಮೋಹನ್ ಬಾಗಾನ್ ಖಂಡಿತ ಬೀಳುತ್ತೆ. ಮತ್ತೆ ಏಳೋದೂ ಖಂಡಿತ.

ನನಗೆ ಭಯ ಇರೋದು ನಮ್ಮ ಬಗ್ಗೆ. ಆ ಫೈನಲ್ ಆಗಿ ನಾಲ್ಕು ತಿಂಗಳಿಗೆ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸೋದಾಗಿ ಪ್ರಕಟಿಸಿತು. ಆಟ ಕೆಟ್ಟಿದ್ದಕ್ಕಲ್ಲ. ಲೀಗ್ ನಡೆಸೋ ಹಕ್ಕಿನ ಒಪ್ಪಂದ ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವೆ ನವೀಕರಣ ಆಗದೆ ಸೀಸನ್ ತಡೆಹಿಡಿದಿದ್ದಕ್ಕೆ. ಏಪ್ರಿಲ್‌ನಲ್ಲಿ ಫೈನಲ್ ಆಡಿದ ತಂಡಕ್ಕೆ ಆಗಸ್ಟ್‌ನಲ್ಲಿ ಸಂಬಳ ಇಲ್ಲ. ಅವತ್ತು ನಮ್ಮ ನಾಲ್ವರಿಗೂ ಗಚ್ಚಿಬೌಲಿಯ ಹುಡುಗರ ನೆನಪಾಯ್ತು.

ಬೆಂಗಳೂರಿಗೆ ಅನುಕೂಲಗಳಿವೆ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಸೋತರೂ ಹಾಡೋ ಜನ ಇದ್ದಾರೆ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಇವತ್ತಿಗೂ ಹುಡುಗರು ಆಡ್ತಾರೆ. ಆ ಗಲ್ಲಿಗೂ ಕಂಠೀರವಕ್ಕೂ ದಾರಿ ಇದೆಯಾ ಅನ್ನೋದೇ ಪ್ರಶ್ನೆ. ಆ ದಾರಿ ಇದ್ರೆ 10ನೇ ಸ್ಥಾನ ಬರಲಿ, ಕೆಳಗಿನ ದರ್ಜೆಗೇ ಹೋಗಲಿ, ತೊಂದರೆ ಇಲ್ಲ, ವಾಪಸ್ ಬರ್ತೀವಿ.

ಅದಕ್ಕೇ ನನ್ನದೊಂದು ಸಣ್ಣ ಮನವಿ. ಹಬ್ಬಕ್ಕೋ ರಜೆಗೋ ಊರಿಗೆ ಹೋದಾಗ ಫೈನಲ್ ಇಲ್ಲದಿದ್ರೂ ಪರವಾಗಿಲ್ಲ, ಒಂದು ಸಂಜೆ ಸ್ಟೇಡಿಯಂಗೆ ಹೋಗಿ. ಐಎಸ್‌ಎಲ್ ಇಲ್ಲದ ದಿನ ಬೆಂಗಳೂರಿನ ಸೂಪರ್ ಡಿವಿಷನ್ ಪಂದ್ಯಕ್ಕಾದ್ರೂ ಹೋಗಿ ಕೂತ್ಕೊಳ್ಳಿ. ಪಕ್ಕದಲ್ಲಿ ಕೂತ ಹಳಬರು ಅಹ್ಮದ್ ಖಾನ್ ಕಥೆ ಹೇಳಿದ್ರೂ ಹೇಳಬಹುದು.